ಹೊರಗೆ ನಿಂತ ಬಿಡಿಭಾಗ

ಬಡಗಿಯು ಬಾಗಿಲನ್ನು ಮಾಡುವಾಗ ತಿರುಪು ಮೊಳೆಗಳನ್ನೂ ಚಿಲಕವನ್ನೂ ತಾನೇ ತಯಾರಿಸುವುದಿಲ್ಲ. ಅಂಗಡಿಯಿಂದ ತಂದು ಜೋಡಿಸುತ್ತಾನೆ. ಗಣಕಯಂತ್ರದ ತಂತ್ರಾಂಶಗಳನ್ನು ಬರೆಯುವವರ ರೂಢಿಯೂ ಇದೇ. ಒಬ್ಬರು ಒಮ್ಮೆ ಬರೆದಿಟ್ಟ ಭಾಗಗಳನ್ನು ಇನ್ನೊಬ್ಬರು ತಮ್ಮ ತಂತ್ರಾಂಶದಲ್ಲಿ ಅಳವಡಿಸಿಕೊಳ್ಳುತ್ತಾರೆ. ಇಂತಹ ಸಂಗ್ರಹವನ್ನು ಅವರು ‘ಲೈಬ್ರರಿ’ ಎಂದು ಕರೆಯುತ್ತಾರೆ. ಧ್ವನಿಯ ಲೈಬ್ರರಿಗಳ ಇತಿಹಾಸದಲ್ಲಿ, ಬಿಡಿಭಾಗವು ಸಿದ್ಧವಿದ್ದರೂ ಅದನ್ನು ಜೋಡಿಸಿ ಕೊಡಲಾಗದ ಒಂದು ಕಾಲವಿತ್ತು. ಆ ಕಥೆಯನ್ನು ಇಂದು ಹೇಳುತ್ತೇನೆ.

ಈ ಪದ್ಧತಿಯ ಬೇರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದೆ. ಅಲ್ಲಿನ ಮ್ಯಾಕ್ಸ್ ಮ್ಯಾಥ್ಯೂಸ್ ಅವರು 1957ರಲ್ಲಿ ‘ಮ್ಯೂಸಿಕ್’ ಎಂಬ ತಂತ್ರಾಂಶವನ್ನು ಬರೆದು, ಐಬಿಎಂ 704 ಗಣಕದ ನೆರವಿನಿಂದ 17 ಸೆಕೆಂಡುಗಳ ಸಂಗೀತವನ್ನು ಹೊರಡಿಸಿದರು. 1960ರ ಸುಮಾರಿಗೆ, ಅದರ ಮೂರನೆಯ ಆವೃತ್ತಿಯಲ್ಲಿ, ಸ್ವರವನ್ನು ಹುಟ್ಟಿಸುವುದು, ಕೂಡಿಸುವುದು, ಏರಿಳಿಸುವುದು ಮುಂತಾದ ಕೆಲಸಗಳು ಬೇರೆ ಬೇರೆ ಘಟಕಗಳಾದವು. ಘಟಕದ ಒಳಗುಟ್ಟನ್ನು ಅರಿಯದ ಸಂಗೀತಗಾರನೂ ಅವುಗಳನ್ನು ಪೋಣಿಸಿ ತನಗೆ ಬೇಕಾದ ವಾದ್ಯವನ್ನು ಕಟ್ಟಿಕೊಳ್ಳುವಂತಾಯಿತು.

ಅದೇ ವಿಚಾರದ ಫಲವು ನಮ್ಮಂಥ ಸಾಮಾನ್ಯರನ್ನು ಮುಟ್ಟಿದ್ದು ‘ಆಡಾಸಿಟಿ’ಯಂತಹ ಉಚಿತ ತಂತ್ರಾಂಶಗಳಿಂದ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಅವರು 1999ರಲ್ಲಿ ಆರಂಭಿಸಿದ ಈ ಕಾರ್ಯವು 2000ದ ಮೇ ತಿಂಗಳಲ್ಲಿ ಬಿಡುಗಡೆ ಕಂಡಿತು. ಇದರೊಳಗೆ ಮೈಕಿನಿಂದ ಧ್ವನಿಯನ್ನು ಪಡೆಯಲು ‘ಪೋರ್ಟ್‌ಆಡಿಯೋ’, ಕಡತಗಳನ್ನು ಓದಲು ‘ಲಿಬ್‌ಸೌಂಡ್‌ಫೈಲ್’, ಶ್ರುತಿ ಕೆಡದಂತೆ ವೇಗವನ್ನು ಬದಲಿಸಲು ‘ಸೌಂಡ್‌ಟಚ್’, ಹೀಗೆ ಅನೇಕರು ಬರೆದ ಲೈಬ್ರರಿಗಳು ಸೇರಿಕೊಂಡವು.

ನಿವೃತ್ತಿಯ ನಂತರ ಶಾಲಾ ವಾರ್ಷಿಕೋತ್ಸವದ ಕ್ಯಾಸೆಟ್ಟುಗಳನ್ನು ನಾನು ಗಣಕಕ್ಕೆ ಇಳಿಸಿದ್ದು ಇದರಿಂದಲೇ. ಸಿ.ಡಿ. ಗುಣಮಟ್ಟದ ಒಂದು ನಿಮಿಷದ ಧ್ವನಿಗೆ ಸುಮಾರು 10 ಮೆಗಾಬೈಟ್ ಬೇಕು. ಸಾಧಾರಣ ಗುಣಮಟ್ಟದ ಎಂಪಿ3 ಆದರೆ ಒಂದು ಮೆಗಾಬೈಟ್ ಸಾಕು. ನಿಮಗೆಲ್ಲ ಕಳುಹಿಸಲು ನನಗೆ ಎಂಪಿ3 ಬೇಕಿತ್ತು. ಆದರೆ ತಂತ್ರಾಂಶವು, ‘ಲೇಮ್’ ಎಂಬ ಭಾಗವನ್ನು ಬೇರೆ ಕಡೆಯಿಂದ ತಂದುಕೊಳ್ಳಬೇಕೆಂದು ತಿಳಿಸಿತು. ಎಲ್ಲ ಭಾಗಗಳೂ ಮನೆಯೊಳಗಿರುವಾಗ ಇದೊಂದು ಮಾತ್ರ ಏಕೆ ಹೊರಗೆ ನಿಂತಿತ್ತು?

ದೊಡ್ಡ ಸದ್ದಿನ ಬಳಿಯಿರುವ ಸಣ್ಣ ಸದ್ದು ನಮ್ಮ ಕಿವಿಗೆ ಕೇಳಿಸದು. ಅಂಥವನ್ನು ಆರಿಸಿ ಬಿಟ್ಟುಬಿಡುವುದೇ ಎಂಪಿ3ಯ ತಂತ್ರ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯೇ ಮೊದಲಾದವರು ಹಲವು ವರ್ಷ ದುಡಿದು ಇದನ್ನು ರೂಪಿಸಿ ಪೇಟೆಂಟ್ ಪಡೆದಿದ್ದರು. 1998ರಲ್ಲಿ ಆ ಸಂಸ್ಥೆಯು ತಂತ್ರಾಂಶ ಬರೆಯುವವರಿಗೆ ಪತ್ರ ಬರೆದು ಪರವಾನಗಿ ಶುಲ್ಕವನ್ನು ಕೇಳಿತು. ಅದೇ ವರ್ಷ ಮೈಕ್ ಚೆಂಗ್ ಎಂಬುವರು ‘ಲೇಮ್’ ಆರಂಭಿಸಿದರು. ಮೊದಲು ಅದು ಪ್ರಮಾಣಕದ ಮಾದರಿ ಪಠ್ಯಕ್ಕೆ ಮಾಡಿದ ತಿದ್ದುಪಡಿಗಳ ಕಟ್ಟು ಮಾತ್ರವಾಗಿತ್ತು. 2000ದ ವೇಳೆಗೆ ಮೂಲ ಪಠ್ಯವೆಲ್ಲ ಹೋಗಿ ಹೊಸ ಬರಹವೇ ಉಳಿಯಿತು. ಆದರೂ ತೊಡಕು ತೀರಲಿಲ್ಲ. ಪಠ್ಯವನ್ನು ಹೊಸದಾಗಿ ಬರೆಯಬಹುದು. ಪೇಟೆಂಟ್ ಇರುವುದು ವಿಧಾನಕ್ಕೆ. ವಿಧಾನವನ್ನೇ ಬದಲಿಸಹೊರಟ ಕ್ರಿಸ್ ಮಾಂಟ್‌ಗೊಮರಿ ಅವರ ‘ವೋರ್ಬಿಸ್’ 2002ರಲ್ಲಿ ಪೂರ್ಣರೂಪ ಪಡೆದು, ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ದೊರೆಯಿತು. ಆದರೆ ಅಷ್ಟರಲ್ಲಿ ಜನರ ಕೈಯಲ್ಲಿದ್ದ ಉಪಕರಣಗಳು ಎಂಪಿ3ಯ ಭಾಷೆಯನ್ನೇ ಕಲಿತಿದ್ದವು.

ಕೊನೆಗೆ 2017ರ ಏಪ್ರಿಲ್‌ನಲ್ಲಿ ಎಂಪಿ3 ಪರವಾನಗಿಯ ವ್ಯವಸ್ಥೆಯು ಮುಕ್ತಾಯವಾಯಿತು. 2019ರಲ್ಲಿ ಆಡಾಸಿಟಿಯು ಲೇಮ್ ಅನ್ನು ತನ್ನೊಳಗೇ ಸೇರಿಸಿಕೊಂಡಿತು.

ಶೋಧಕನ ಶ್ರಮಕ್ಕೆ ಪ್ರತಿಫಲ ಸಲ್ಲಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಲೋಕದ ರೂಢಿಯಾಗಿಬಿಟ್ಟ ವಿಧಾನವೊಂದು ಬೇಲಿಯೊಳಗಿದ್ದರೆ, ಉಚಿತವಾಗಿ ಕೊಡಬಯಸುವವನ ಕೈಯೂ ಕಟ್ಟಿಹೋಗುತ್ತದೆ. ಆ ಅವಧಿಯಲ್ಲಿಯೂ ಲೇಮ್ ತಂಡದವರು ತಮ್ಮ ಭಾಗವನ್ನು ತಿದ್ದುತ್ತ, ಉತ್ತಮಪಡಿಸುತ್ತ ಬಂದದ್ದರಿಂದಲೇ, ಬೇಲಿ ತೆರವಾದ ದಿನ ಒಳಗೆ ಬರಲು ಅದು ಸಜ್ಜಾಗಿತ್ತು. ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಇಂದು ಇದೇ ಉದ್ಯೋಗದಲ್ಲಿದ್ದೀರಿ. ನೀವು ಅಳವಡಿಸಿಕೊಳ್ಳುವ ಪ್ರತಿಯೊಂದು ಲೈಬ್ರರಿಯ ಜೊತೆಗೂ ಅದನ್ನು ಬರೆದವರ ಹೆಸರುಗಳ ಪಟ್ಟಿಯೊಂದು ಇದ್ದೀತು. ಬಿಡುವಾದಾಗ ಒಮ್ಮೆ ಅದನ್ನು ಓದಿ.