ನಾಲೆ, ಬೇಲಿ ಮತ್ತು ಅಮೃತಬಳ್ಳಿ: ವಿ.ಸಿ. ಫಾರಂ ಪರಿಸರದಲ್ಲಿ ಒಂದು ಔಷಧ ಸಸ್ಯದ ಚರಿತ್ರೆ

ಪೀಠಿಕೆ

ಮಂಡ್ಯ ನಗರಕ್ಕೆ ಸಮೀಪದಲ್ಲಿರುವ ವಿ.ಸಿ. ಫಾರಂ ಕರ್ನಾಟಕದ ಕೃಷಿ ಚರಿತ್ರೆಯಲ್ಲಿ ಭತ್ತ, ಕಬ್ಬು ಮತ್ತು ರಾಗಿಯ ಸಂಶೋಧನೆಗಾಗಿ ಹೆಸರಾದ ಸ್ಥಳ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬೇಸಾಯದ ಸ್ವರೂಪವನ್ನೇ ಬದಲಿಸಿದ ವಿಶ್ವೇಶ್ವರಯ್ಯ ನಾಲೆಯ ಹೆಸರನ್ನು ಅದು ಹೊತ್ತಿದೆ. ಈ ಸೀಮೆಯ ಆಧುನಿಕ ಚರಿತ್ರೆಯನ್ನು ಬರೆಯುವಾಗ ಅಣೆಕಟ್ಟು, ನಾಲೆ ಮತ್ತು ಸಕ್ಕರೆ ಕಾರ್ಖಾನೆಗಳಿಗೆ ಹೆಚ್ಚಿನ ಗಮನ ದೊರೆತಿರುವುದು ಸಹಜವೇ ಆಗಿದೆ. ಆದರೆ ಹೊಲದ ಬೇಲಿಯಲ್ಲಿ ತಾನಾಗಿ ಹಬ್ಬಿ, ಜ್ವರ ಬಂದಾಗ ಮಾತ್ರ ಮನೆಯವರ ನೆನಪಿಗೆ ಬರುತ್ತಿದ್ದ ಸಸ್ಯಗಳಿಗೆ ಈ ಚರಿತ್ರೆಯಲ್ಲಿ ಎಡೆ ದೊರೆತದ್ದು ವಿರಳ. ಅಂತಹ ಸಸ್ಯಗಳಲ್ಲಿ ಅಮೃತಬಳ್ಳಿ ಮುಖ್ಯವಾದುದು. ಶಾಸ್ತ್ರಗ್ರಂಥಗಳಲ್ಲಿ ಗುಡೂಚಿ ಎಂದು ಪ್ರಸಿದ್ಧವಾದ ಈ ಬಳ್ಳಿಯನ್ನು ಜನ ಹೇಗೆ ಗುರುತಿಸುತ್ತಿದ್ದರು, ಆ ಗುರುತು ಹೇಗೆ ಮಸುಕಾಯಿತು ಹಾಗೂ ಅದರ ಪರಿಣಾಮವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳಲ್ಲಿ ಅಡಗಿರುವ ಲಕ್ಷಣ

ಅಮೃತಬಳ್ಳಿ ಮೆನಿಸ್ಪರ್ಮೇಸಿ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ನಮ್ಮ ಹಳ್ಳಿಗಳಲ್ಲಿ ಪರಿಚಿತವಾದ ದಾಗಡಿಬಳ್ಳಿಯೂ ಇದೇ ಕುಟುಂಬದ್ದು. ಹೃದಯಾಕಾರದ ಎಲೆ, ಕಾಗದದಂತೆ ಸುಲಿಯುವ ತೆಳು ತೊಗಟೆ, ಕಾಂಡದಿಂದ ದಾರದಂತೆ ಇಳಿಬೀಳುವ ಬೇರುಗಳು, ಹಳದಿ ಛಾಯೆಯ ಸಣ್ಣ ಹೂ, ಕೆಂಪು ಹಣ್ಣು ಇದರ ಲಕ್ಷಣಗಳು. ಗಂಡು ಹೂ ಮತ್ತು ಹೆಣ್ಣು ಹೂಗಳು ಬೇರೆ ಬೇರೆ ಬಳ್ಳಿಗಳಲ್ಲಿ ಬಿಡುತ್ತವೆ ಎಂಬುದು ಮುಂದಿನ ಚರ್ಚೆಯ ದೃಷ್ಟಿಯಿಂದ ಗಮನಾರ್ಹ.

ಸಂಸ್ಕೃತ ಕೋಶಗಳೂ ನಿಘಂಟುಗಳೂ ಈ ಬಳ್ಳಿಗೆ ಕೊಟ್ಟಿರುವ ಪರ್ಯಾಯನಾಮಗಳನ್ನು ಪರಿಶೀಲಿಸಿದರೆ ಅವುಗಳಲ್ಲಿ ಅನೇಕವು ಸಸ್ಯವನ್ನು ಗುರುತಿಸುವ ಸಾಧನಗಳೆಂಬುದು ಸ್ಪಷ್ಟವಾಗುತ್ತದೆ. ಕತ್ತರಿಸಿದರೂ ಮತ್ತೆ ಚಿಗುರುವುದರಿಂದ ಅದು ಛಿನ್ನರುಹಾ. ಕಾಂಡವನ್ನು ಅಡ್ಡಲಾಗಿ ಕೊಯ್ದಾಗ ಬಂಡಿಯ ಗಾಲಿಯ ಅರಗಳಂತಹ ರೇಖೆಗಳು ಕಾಣುವುದರಿಂದ ಚಕ್ರಲಕ್ಷಣಾ. ಸುರುಳಿ ಸುತ್ತಿ ಹಬ್ಬುವುದರಿಂದ ಕುಂಡಲೀ. ಕರುಗಳು ಮೇಯುವುದರಿಂದ ವತ್ಸಾದನೀ. ಚಿತ್ರವಾಗಲಿ, ಒಣಗಿಸಿಟ್ಟ ಮಾದರಿಯಾಗಲಿ ಇಲ್ಲದ ಕಾಲದಲ್ಲಿ ವೈದ್ಯವಿದ್ಯಾರ್ಥಿಯು ಈ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಬೇಲಿಯ ಬಳಿಗೆ ಹೋದರೆ ಕಾಂಡವನ್ನು ಕೊಯ್ದು ನೋಡಬೇಕು, ತುಂಡನ್ನು ನೇತುಹಾಕಿ ಚಿಗುರುವುದೋ ಎಂದು ಕಾಯಬೇಕು ಎಂಬುದು ತಾನೇ ತಿಳಿಯುತ್ತಿತ್ತು.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೇಧ್ಯರಸಾಯನಗಳೆಂದು ಹೇಳಲಾದ ನಾಲ್ಕರಲ್ಲಿ ಗುಡೂಚಿಯ ರಸವೂ ಒಂದು. ಜ್ವರ, ವಾತರಕ್ತ, ಕಾಮಾಲೆ, ಪ್ರಮೇಹ ಮುಂತಾದ ರೋಗಗಳಲ್ಲಿ ಇದರ ಕಷಾಯ, ಸ್ವರಸ, ಅರಿಷ್ಟಗಳನ್ನು ವಿಧಿಸಲಾಗಿದೆ. ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿ, ಸೋಸಿ, ತಳದಲ್ಲಿ ನಿಂತ ಬಿಳಿಯ ಪಿಷ್ಟವನ್ನು ಒಣಗಿಸಿದರೆ ದೊರೆಯುವುದೇ ಗುಡೂಚೀಸತ್ವ. ರಾಮರಾವಣರ ಯುದ್ಧದಲ್ಲಿ ಮಡಿದ ಕಪಿಗಳ ಮೇಲೆ ಇಂದ್ರನು ಸುರಿಸಿದ ಅಮೃತದ ಹನಿಗಳು ಬಿದ್ದೆಡೆಯಲ್ಲಿ ಈ ಬಳ್ಳಿ ಹುಟ್ಟಿತೆಂಬ ಕಥೆಯನ್ನು 16ನೆಯ ಶತಮಾನದ ಭಾವಪ್ರಕಾಶವು ಹೇಳುತ್ತದೆ.

ಕನ್ನಡದ ವೈದ್ಯ ಪರಂಪರೆ

ಶಾಸ್ತ್ರದ ಈ ಜ್ಞಾನ ದೇಶಭಾಷೆಗೆ ಇಳಿದ ಪ್ರಕ್ರಿಯೆಯಲ್ಲಿ ಕನ್ನಡ ವೈದ್ಯಗ್ರಂಥಗಳ ಪಾತ್ರ ಹಿರಿದು. 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು ಮದ್ಯಮಾಂಸಗಳನ್ನು ವರ್ಜಿಸಿದ ಜೈನ ವೈದ್ಯಪದ್ಧತಿಗೆ ಸೇರಿದುದು. ಇಂತಹ ಪದ್ಧತಿಯಲ್ಲಿ ಸಸ್ಯಮೂಲಗಳಿಗೆ ಸಹಜವಾಗಿಯೇ ಹೆಚ್ಚಿನ ಪ್ರಾಧಾನ್ಯ ಬಂದಿತು. ಕೀರ್ತಿವರ್ಮನ ಗೋವೈದ್ಯವು ದನಕರುಗಳ ಚಿಕಿತ್ಸೆಗೆ ಮೀಸಲಾಯಿತು. 14ನೆಯ ಶತಮಾನದ ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಚಿಕಿತ್ಸೆಯನ್ನು ಕುರಿತದ್ದು. ವಿಷದ ಗಿಡ ಯಾವುದು, ಮದ್ದಿನ ಗಿಡ ಯಾವುದು ಎಂಬ ವಿವೇಚನೆಯೇ ಅಂತಹ ಗ್ರಂಥಕ್ಕೆ ಆಧಾರ. ಸಸ್ಯದ ಗುರುತು ತಪ್ಪಿದರೆ ಅಲ್ಲಿ ಚಿಕಿತ್ಸೆಯೇ ಅಪಾಯವಾಗಿ ಪರಿಣಮಿಸುತ್ತದೆ.

ಆದರೂ ಗ್ರಂಥ ಓದದವರ ಕೈಯಲ್ಲಿಯೇ ಈ ಬಳ್ಳಿಯ ಬಳಕೆ ಹೆಚ್ಚಾಗಿತ್ತೆಂದು ಭಾವಿಸಬೇಕಾಗುತ್ತದೆ. ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯೇ ಶ್ರೇಷ್ಠವೆಂಬ ನಂಬಿಕೆ ನಾಡಿನಲ್ಲಿ ಇಂದಿಗೂ ಪ್ರಚಲಿತವಾಗಿದೆ. ಔಷಧಗುಣದ ಮಾತನ್ನು ಬದಿಗಿಟ್ಟು ನೋಡಿದರೂ ಈ ನಂಬಿಕೆಗೆ ಒಂದು ಚಾರಿತ್ರಿಕ ಮಹತ್ವವಿದೆ. ಊರಿನ ಯಾವ ಮರದಲ್ಲಿ, ಯಾವ ಬೇಲಿಯಲ್ಲಿ ಬಳ್ಳಿ ಇದೆ ಎಂಬುದು ಎಲ್ಲರಿಗೂ ತಿಳಿದಿದ್ದಾಗ, ತಲೆಮಾರುಗಳಿಂದ ಒಂದೇ ಬಳ್ಳಿಯನ್ನು ಬಳಸುತ್ತ ಬಂದಾಗ, ಬೇರೆ ಸಸ್ಯವನ್ನು ಅದೆಂದು ಭ್ರಮಿಸುವ ಸಂಭವ ಕಡಿಮೆಯಾಗುತ್ತಿತ್ತು.

ಐರೋಪ್ಯರ ದಾಖಲೆಗಳು

ಕೊಚ್ಚಿಯ ಡಚ್ ಅಧಿಕಾರಿ ವ್ಯಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರ ಅವಧಿಯಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ 12 ಸಂಪುಟಗಳಾಗಿ ಪ್ರಕಟವಾದ ಹಾರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಈ ಬಳ್ಳಿ ಮಲಯಾಳದ ಚಿತ್ತಮೃತು ಎಂಬ ಹೆಸರಿನಿಂದ ಸೇರಿದೆ. ಇಟ್ಟಿ ಅಚ್ಯುತನ್ ಎಂಬ ವೈದ್ಯನೂ ಕೊಂಕಣಿ ಮೂಲದ ಪಂಡಿತರೂ ಆ ಗ್ರಂಥಕ್ಕೆ ಮಾಹಿತಿ ಒದಗಿಸಿದವರು. 1806ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ವಿಲ್ಡೆನೋವ್ ಈ ಸಸ್ಯಕ್ಕೆ ಮೆನಿಸ್ಪರ್ಮಮ್ ಕಾರ್ಡಿಫೋಲಿಯಂ ಎಂದು ಹೆಸರಿಟ್ಟನು. ಮುಂದೆ ಅದು ಟಿನೋಸ್ಪೋರಾ ಕುಲಕ್ಕೆ ವರ್ಗವಾಯಿತು. 1868ರ ಫಾರ್ಮಕೋಪಿಯಾ ಆಫ್ ಇಂಡಿಯಾದಲ್ಲಿ ಇದನ್ನು ಬಲವರ್ಧಕವೆಂದೂ ಜ್ವರಹರವೆಂದೂ ಸೇರಿಸಲಾಯಿತು. 1900ರಲ್ಲಿ ಬ್ರಿಟಿಷ್ ಫಾರ್ಮಕೋಪಿಯಾದ ಭಾರತೀಯ ಹಾಗೂ ವಸಾಹತು ಅನುಬಂಧದಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು.

ಇದೇ ಕಾಲಾವಧಿಯ ಮಂಡ್ಯ ಸೀಮೆಯ ವಿವರಗಳಿಗಾಗಿ ವಿದ್ವಾಂಸರು ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನವನ್ನು ಆಶ್ರಯಿಸುವುದುಂಟು. ಅವನು 1800ರಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಮದ್ದೂರು, ಮಂಡ್ಯಗಳ ಮಾರ್ಗವಾಗಿ ಸಾಗಿದನು. ಅವನ ಗ್ರಂಥ 1807ರಲ್ಲಿ ಪ್ರಕಟವಾಯಿತು. ಸ್ವತಃ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಬುಕಾನನ್‌ಗೆ ಕಂಪನಿ ಸರ್ಕಾರ ವಹಿಸಿದ್ದು ಮುಖ್ಯವಾಗಿ ಬೇಸಾಯ, ಕೈಗಾರಿಕೆ, ವ್ಯಾಪಾರಗಳ ವಿಚಾರಣೆ. ಕಂದಾಯ ತರುವ ಬೆಳೆಗೆ ಆಡಳಿತದ ದಾಖಲೆಯಲ್ಲಿ ಜಾಗವಿರುತ್ತದೆ, ಬೇಲಿಯ ಬಳ್ಳಿಗೆ ಇರುವುದಿಲ್ಲ. ಮುಂದಿನ ಶತಮಾನದಲ್ಲಿಯೂ ಈ ಧೋರಣೆ ಬದಲಾಗಲಿಲ್ಲ.

ನಾಲೆ ಬಂದ ನಂತರ

ಕನ್ನಂಬಾಡಿ ಅಣೆಕಟ್ಟಿನ ಕಾಮಗಾರಿ 1911ರಲ್ಲಿ ಆರಂಭವಾಯಿತು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಅವಧಿಯಲ್ಲಿ ಅಂದಿನ ವೈಸರಾಯ್ ಹೆಸರಿನ ಇರ್ವಿನ್ ನಾಲೆ ನಿರ್ಮಾಣವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಕರೆಯಲಾದ ಇದು ಒಂದು ಲಕ್ಷಕ್ಕೂ ಹೆಚ್ಚು ಎಕರೆ ಭೂಮಿಗೆ ನೀರು ತಂದಿತು. 1931ರಲ್ಲಿ ನಾಲಾ ಪ್ರದೇಶದ ಬೇಸಾಯಕ್ಕೆ ಮಾರ್ಗದರ್ಶನ ನೀಡಲು ಇರ್ವಿನ್ ಕೆನಾಲ್ ಫಾರಂ ಸ್ಥಾಪನೆಯಾಯಿತು. ಇಂದಿನ ವಿ.ಸಿ. ಫಾರಂ ಇದೇ. ಲೆಸ್ಲಿ ಕೋಲ್ಮನ್ ಅವರು ಆಗ ಸಂಸ್ಥಾನದ ಕೃಷಿ ನಿರ್ದೇಶಕರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಅಸ್ತಿತ್ವಕ್ಕೆ ಬಂದಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ ಒಂದು ದಶಕದೊಳಗೆ ಹುರುಳಿ, ರಾಗಿ ಬೆಳೆಯುತ್ತಿದ್ದ ಬೆದ್ದಲು ಗದ್ದೆಯಾಗುವ ಪ್ರಕ್ರಿಯೆ ವೇಗ ಪಡೆಯಿತು.

ಈ ಬದಲಾವಣೆ ತಂದ ಸಮೃದ್ಧಿ ನಿರ್ವಿವಾದ. ಆದರೆ ಅದರ ಇನ್ನೊಂದು ಮುಖವನ್ನೂ ಇಲ್ಲಿ ಉಲ್ಲೇಖಿಸಬೇಕಾಗುತ್ತದೆ. ನೀರು ನಿಲ್ಲುವ ನಾಲಾ ಪ್ರದೇಶದಲ್ಲಿ ಸೊಳ್ಳೆಗಳೂ ಅವುಗಳೊಂದಿಗೆ ಮಲೇರಿಯಾವೂ ಹೆಚ್ಚಿದವು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆ ಹಾಗೂ ನಿಯಂತ್ರಣ ಕಾರ್ಯವನ್ನು ಕೈಗೊಂಡಿತು. ಮಲೇರಿಯಾಕ್ಕೆ ಕ್ವಿನೈನ್‌ನಂತೆ ಅಮೃತಬಳ್ಳಿ ನೇರ ಮದ್ದೆಂದು ಸಿದ್ಧವಾಗಿಲ್ಲ. ಆದರೂ ಚಳಿಜ್ವರದಿಂದ ಬಳಲಿದ ಮನೆಗಳಲ್ಲಿ ಕಷಾಯಕ್ಕೆ ನೆನಪಾಗುವ ಬಳ್ಳಿಗಳಲ್ಲಿ ಇದು ಮೊದಲನೆಯದು. ಹೀಗಿರಲು, ಜ್ವರದ ಕಾಲ ಬಂದಾಗಲೇ ಜ್ವರದ ಬಳ್ಳಿಯ ನೆಲೆ ಕಿರಿದಾಗತೊಡಗಿತು. ಬೆದ್ದಲ ಹೊಲಕ್ಕೆ ಕಳ್ಳಿ, ಕತ್ತಾಳೆ, ಹೊಂಗೆ, ಬೇವುಗಳ ಅಗಲವಾದ ಜೀವಂತ ಬೇಲಿ ಇರುತ್ತದೆ. ನೀರು ಹರಿಯುವ ಗದ್ದೆಗೆ ಬೇಕಾದುದು ಒಬ್ಬರು ನಡೆಯುವಷ್ಟು ಬದು ಮಾತ್ರ. ಅಮೃತಬಳ್ಳಿ ಆಸರೆಯಿಲ್ಲದೆ ಬೆಳೆಯದ ಸಸ್ಯವಾದುದರಿಂದ ಬೇಲಿ ಕಿರಿದಾದಂತೆ ಅದರ ನೆಲೆಯೂ ಕಿರಿದಾಯಿತೆಂದು ತರ್ಕಿಸಬಹುದು. ನಾಲೆ ತಲುಪದ ಮಳವಳ್ಳಿ, ಮದ್ದೂರು ತಾಲ್ಲೂಕುಗಳ ಎತ್ತರದ ಬೆದ್ದಲುಗಳನ್ನು ಈ ದೃಷ್ಟಿಯಿಂದ ವಿಶೇಷವಾಗಿ ಪರಿಶೀಲಿಸಬೇಕಾಗಿದೆ.

ತಳಿಯ ದಾಖಲೆ, ಬಳ್ಳಿಯ ಮರೆವು

ವಿ.ಸಿ. ಫಾರಂನ ಬಹುದೊಡ್ಡ ಸಾಧನೆ ತಳಿಗಳಿಗೆ ವಂಶಾವಳಿ ಬರೆದಿಟ್ಟದ್ದು. 'ರಾಗಿ ಲಕ್ಷ್ಮಣಯ್ಯ' ಎಂದೇ ಖ್ಯಾತರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ರೂಪಿಸಿದ ಇಂಡಾಫ್ ತಳಿಗಳು 1970ರ ದಶಕದಿಂದ ರೈತರ ಹೊಲಗಳನ್ನು ತಲುಪಿದವು. ಪ್ರತಿಯೊಂದು ತಳಿಗೂ ತಾಯಿ ಯಾವುದು, ತಂದೆ ಯಾವುದು, ತೆನೆ ಕಟ್ಟುವ ಅವಧಿ ಎಷ್ಟು ಎಂಬ ವಿವರ ದಾಖಲೆಯಲ್ಲಿದೆ. ಅದೇ ಅವಧಿಯಲ್ಲಿ ಸುತ್ತಲಿನ ಹಳ್ಳಿಗಳ ಬೇಲಿಯ ಔಷಧ ಸಸ್ಯಗಳ ನೆನಪು ಹಿರಿಯರೊಂದಿಗೆ ಕಣ್ಮರೆಯಾಗುತ್ತಿತ್ತು. ಇದು ಆ ಸಂಸ್ಥೆಯ ಲೋಪವೆಂದು ಹೇಳುವುದು ನ್ಯಾಯವಾಗದು. ಹಸಿವು ನೀಗಿಸುವ ಹೊಣೆ ಹೊತ್ತ ಸಂಸ್ಥೆಗೆ ಆಹಾರಧಾನ್ಯವೇ ಆದ್ಯತೆಯಾಗಿತ್ತು. 1908ರಲ್ಲಿ ಮೈಸೂರಿನಲ್ಲಿ ಆರಂಭವಾದ ಆಯುರ್ವೇದ ಶಿಕ್ಷಣ ಒಂದೆಡೆ, ಮಂಡ್ಯದ ಕೃಷಿ ಸಂಶೋಧನೆ ಇನ್ನೊಂದೆಡೆ ತಮ್ಮ ತಮ್ಮ ದಾರಿಯಲ್ಲಿ ಬೆಳೆದವು. ಬೇಲಿಯು ಎರಡಕ್ಕೂ ಹೊರಗಾಯಿತು.

ಈ ಮರೆವಿನ ಬೆಲೆ ಎಷ್ಟೆಂಬುದು ಕೋವಿಡ್ ಕಾಲದಲ್ಲಿ ಪ್ರಕಟವಾಯಿತು. 2020 ಮತ್ತು 2021ರಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಲೆಂದು ದೇಶದಾದ್ಯಂತ ಜನರು ಅಮೃತಬಳ್ಳಿಯ ಕಷಾಯ, ಪುಡಿ, ಮಾತ್ರೆಗಳನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಸೇವಿಸಿದರು. 2021ರಲ್ಲಿ ಮುಂಬಯಿಯ ವೈದ್ಯರು ಇಂತಹ ಆರು ರೋಗಿಗಳಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. 2022ರಲ್ಲಿ ಪ್ರಕಟವಾದ, 13 ಕೇಂದ್ರಗಳ ವೈದ್ಯರು ಸೇರಿ ನಡೆಸಿದ ಅಧ್ಯಯನವು 43 ರೋಗಿಗಳ ವಿವರ ನೀಡಿತು. ಇದಕ್ಕೆ ಪ್ರತಿಯಾಗಿ ಕೇಂದ್ರದ ಆಯುಷ್ ಸಚಿವಾಲಯವು ಟಿನೋಸ್ಪೋರಾ ಕಾರ್ಡಿಫೋಲಿಯಾ ಸುರಕ್ಷಿತವೆಂದೂ, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಬಳ್ಳಿಯನ್ನು ತಪ್ಪಾಗಿ ಬಳಸಿರುವ ಸಾಧ್ಯತೆ ಇದೆಯೆಂದೂ ಹೇಳಿತು. ಕ್ರಿಸ್ಪಾದ ಕಾಂಡದ ಮೇಲೆ ಎದ್ದುಕಾಣುವ ಗಂಟುಗಳಿರುತ್ತವೆ. ಸರಿಯಾದ ಬಳ್ಳಿಯನ್ನು ಸೇವಿಸಿದವರಲ್ಲಿಯೂ, ವಿಶೇಷವಾಗಿ ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತನ್ನು ಬಾಧಿಸುವ ಪ್ರವೃತ್ತಿ ಇರುವವರಲ್ಲಿ, ಹಾನಿ ಸಂಭವಿಸಬಹುದೆಂಬುದು ಯಕೃತ್ ತಜ್ಞರ ವಾದ.

ಈ ವಾದವಿವಾದದಲ್ಲಿ ವೈದ್ಯಕೀಯ ನಿರ್ಣಯ ನೀಡುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಎರಡು ಅಂಶಗಳನ್ನು ಚರಿತ್ರೆಯ ನೆಲೆಯಿಂದ ಹೇಳಬಹುದು. ಮೊದಲನೆಯದು, ಯಾವ ಬಳ್ಳಿ ಎಂಬ ಪ್ರಶ್ನೆ ರಾಷ್ಟ್ರಮಟ್ಟದಲ್ಲಿ ಏಳಲು ಎಡೆಯಾದುದು ಬೇಲಿ ಮತ್ತು ಬಾಯಿಯ ನಡುವೆ ಅನೇಕ ಕೈಗಳು ಸೇರಿಕೊಂಡ ನಂತರ. ಪುಡಿಯಾದ ಬಳ್ಳಿಯಲ್ಲಿ ಚಕ್ರದ ಗುರುತು ಉಳಿಯುವುದಿಲ್ಲ. ಎರಡನೆಯದು, ಪರಂಪರೆಯಲ್ಲಿ ಈ ಔಷಧವನ್ನು ರೋಗ, ಪ್ರಮಾಣ ಮತ್ತು ಅನುಪಾನಗಳನ್ನು ನೋಡಿ ವಿಧಿಸಲಾಗುತ್ತಿತ್ತು. ಆರೋಗ್ಯವಂತರೆಲ್ಲರೂ ಲೆಕ್ಕವಿಲ್ಲದೆ ನಿತ್ಯ ಸೇವಿಸುವ ರೂಢಿಗೆ ಪರಂಪರೆಯ ಸಮರ್ಥನೆಯನ್ನು ಒದಗಿಸುವುದು ಕಷ್ಟ.

ಸಮಾರೋಪ

ಬೇಡಿಕೆ ಹೆಚ್ಚಿದಂತೆ ಅಮೃತಬಳ್ಳಿಯನ್ನು ತುಂಡು ನೆಟ್ಟು ಬೆಳೆಸುವುದು ಸಾಮಾನ್ಯವಾಗಿದೆ. ಇದು ಸುಲಭವೂ ಹೌದು, ಛಿನ್ನರುಹಾ ಎಂಬ ಹೆಸರಿಗೆ ಅನುಗುಣವೂ ಹೌದು. ಆದರೆ ಗಂಡು ಹೆಣ್ಣು ಬೇರೆಯಾಗಿರುವ ಈ ಸಸ್ಯದಲ್ಲಿ ಒಂದೇ ಬಳ್ಳಿಯ ತುಂಡುಗಳನ್ನು ಎಲ್ಲೆಡೆ ನೆಟ್ಟರೆ ಹಣ್ಣಿಲ್ಲದ, ಬೀಜವಿಲ್ಲದ, ವೈವಿಧ್ಯವಿಲ್ಲದ ಸಂತತಿ ಮಾತ್ರ ಉಳಿಯುತ್ತದೆ. ಆದುದರಿಂದ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಉಳಿದಿರುವ ಹಳೆಯ ಬೇಲಿಗಳ ಬಳ್ಳಿಗಳನ್ನು ಊರು, ಆಸರೆಯ ಮರ, ಗಂಡು ಹೆಣ್ಣಿನ ವಿವರ, ಸ್ಥಳೀಯ ಬಳಕೆ ಇವುಗಳೊಂದಿಗೆ ದಾಖಲಿಸುವ ಕಾರ್ಯ ತುರ್ತಾಗಿ ನಡೆಯಬೇಕಾಗಿದೆ. ರಾಗಿಯ ಪ್ರತಿಯೊಂದು ತೆನೆಗೂ ವಂಶಾವಳಿ ಬರೆದ ಅನುಭವ ವಿ.ಸಿ. ಫಾರಂನಲ್ಲಿದೆ. ಬಳ್ಳಿಯನ್ನು ಕಣ್ಣಾರೆ ಕಂಡು ಗುರುತಿಸಬಲ್ಲ ಹಿರಿಯರು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಕೆಲವರಾದರೂ ಇದ್ದಾರು. ಇತಿಹಾಸ, ಸಸ್ಯಶಾಸ್ತ್ರ ಹಾಗೂ ವೈದ್ಯ ಮೂರೂ ಕ್ಷೇತ್ರಗಳ ವಿದ್ವಾಂಸರು ಅವರ ಬಳಿಗೆ ಒಟ್ಟಾಗಿ ಹೋದರೆ, ನಾಲೆಯ ಚರಿತ್ರೆಯಲ್ಲಿ ಬಿಟ್ಟುಹೋದ ಬೇಲಿಯ ಅಧ್ಯಾಯವನ್ನು ಪೂರ್ಣಗೊಳಿಸಲು ಸಾಧ್ಯವಾಗುತ್ತದೆ.