ಕೀಲಿಕೈಯಿಂದ ನಾಲ್ಕಂಕಿಯವರೆಗೆ



ಊರು ಬಿಟ್ಟು ಈ ಮಹಾನಗರಗಳಿಗೆ ಬಂದ ನಮ್ಮಲ್ಲಿ ಎಷ್ಟೋ ಮಂದಿ ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಜನ ಸೇರಿ ಬದುಕಿದವರು. ಬೀಗ ಒಂದು, ಕೀಲಿಕೈ ಒಂದು, ಪಾಳಿಗಳು ಮಾತ್ರ ಬೇರೆ ಬೇರೆ. ಕೀಲಿಕೈಯ ಬದಲು ಒಂದು ಗುಪ್ತಸಂಖ್ಯೆ ಇದ್ದರೆ ಈ ತಾಪತ್ರಯವೇ ಇರದು. ಅಂಥ ಬೀಗವನ್ನು ಈಗ ಕಾಲೇಜು ಮಕ್ಕಳೂ ಮನೆಯಲ್ಲೇ ಜೋಡಿಸುತ್ತಾರೆ. ಆದರೆ ಅದನ್ನು ನಂಬಿ ಬಾಗಿಲು ಹಾಕಿಕೊಳ್ಳಬಹುದೇ? ಉತ್ತರಕ್ಕಾಗಿ ಇನ್ನೂರು ವರ್ಷ ಹಿಂದಕ್ಕೆ ಹೋಗಿ ಬರೋಣ.

1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳತನವಾಯಿತು. ತನ್ನ ಕೀಲಿಕೈಗಲ್ಲದೆ ಬೇರೆ ಯಾವುದಕ್ಕೂ ಬಗ್ಗದ ಬೀಗ ಬೇಕೆಂದು ಸರ್ಕಾರ ಸ್ಪರ್ಧೆ ಏರ್ಪಡಿಸಿತು. ಮರುವರ್ಷ ಜೆರೆಮಾಯಾ ಚಬ್ ಎಂಬವರು 'ಡಿಟೆಕ್ಟರ್' ಬೀಗ ಮಾಡಿದರು. ಯಾರಾದರೂ ಕೈಚಳಕ ತೋರಿಸಲು ಹೋದರೆ ಅದು ಒಳಗೇ ಸಿಕ್ಕಿಕೊಂಡು, ಸರಿಯಾದ ಕೀಲಿಕೈಗೂ ಕೂಡಲೇ ತೆರೆಯುತ್ತಿರಲಿಲ್ಲ. ಬೀಗಕ್ಕೆ ಯಾರೋ ಕೈ ಹಾಕಿದ್ದಾರೆಂದು ಒಡೆಯನಿಗೆ ಹೀಗೆ ತಿಳಿಯುತ್ತಿತ್ತು. ಆದರೆ 1851ರಲ್ಲಿ, ಲಂಡನ್ನಿನ ಮಹಾಪ್ರದರ್ಶನದ ವರ್ಷ, ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅದನ್ನು ಅರ್ಧ ಗಂಟೆಯೊಳಗೆ ತೆರೆದರು. ಬ್ರಾಮಾ ಕಂಪನಿ 200 ಗಿನಿ ಬಹುಮಾನ ಘೋಷಿಸಿ ಅಂಗಡಿಯಲ್ಲಿ ಇಟ್ಟಿದ್ದ ಸವಾಲಿನ ಬೀಗವನ್ನೂ ಬಿಡಲಿಲ್ಲ. ಅದಕ್ಕೆ ಹಿಡಿದದ್ದು 16 ದಿನಗಳಲ್ಲಿ ಒಟ್ಟು 51 ಗಂಟೆ.

ತೆರೆಯಲಾಗದ ಬೀಗವಿಲ್ಲ ಎಂದು ಅಂದೇ ಸಾಬೀತಾಯಿತು. ಒಳ್ಳೆಯ ಬೀಗ ಮಾಡುವ ಕೆಲಸ ಒಂದೇ: ಕಳ್ಳನ ಹೊತ್ತು ಕಳೆಯುವುದು.

ಗುಂಡಿ ಒತ್ತಿ ಸಂಖ್ಯೆ ಹೇಳುವ ರೂಢಿಯನ್ನು ಜನಸಾಮಾನ್ಯರಿಗೆ ಹಿಡಿಸಿದ್ದು ಬ್ಯಾಂಕುಗಳು. ಸ್ಕಾಟ್ಲೆಂಡಿನ ಎಂಜಿನಿಯರ್ ಜೇಮ್ಸ್ ಗುಡ್‌ಫೆಲೊ 1966ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಹಣ ಕೊಡುವ ಯಂತ್ರ ಶುರುವಾಯಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಆರು ಅಂಕಿ ಇರಲಿ ಎಂಬುದು ಅವರ ಯೋಚನೆ. ನಾಲ್ಕಕ್ಕಿಂತ ಹೆಚ್ಚು ನೆನಪಿರದು ಎಂದು ಹೆಂಡತಿ ಕ್ಯಾರೊಲಿನ್ ಅಂದದ್ದರಿಂದ ನಾಲ್ಕಾಯಿತೆಂದು ಅವರೇ ಹೇಳಿಕೊಂಡಿದ್ದರು. 1987ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಮೂಲಕ ಎಟಿಎಂ ಮುಂಬಯಿಗೂ ಬಂತು.

ಆ ವಿದ್ಯೆ ಮನೆಯ ಮೇಜಿಗೆ ಇಳಿದದ್ದು 2005ರಲ್ಲಿ. ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳಿಗೆಂದು ಅಗ್ಗದ ಮೈಕ್ರೋಕಂಟ್ರೋಲರ್ ಹಲಗೆ ತಯಾರಾಯಿತು. ಅದಕ್ಕೆ ಊರಿನ ಒಂದು ಬಾರಿನ ಹೆಸರನ್ನೇ ಇಟ್ಟರು, ಆರ್ಡುಯಿನೊ. ಆ ಬಾರಿಗೋ ಸಾವಿರ ವರ್ಷ ಹಿಂದಿನ ರಾಜನೊಬ್ಬನ ಹೆಸರು!

ಬೀಗದ ಕೆಲಸ ಸರಳ. ಕೀಪ್ಯಾಡಿನ 12 ಗುಂಡಿಗಳು 4 ಅಡ್ಡಸಾಲು, 3 ಕಂಬಸಾಲುಗಳಲ್ಲಿರುವುದರಿಂದ 7 ತಂತಿ ಸಾಕು. ಯಾವ ಅಡ್ಡಸಾಲು ಯಾವ ಕಂಬಸಾಲಿಗೆ ತಾಗಿತೆಂದು ನೋಡಿ ಚಿಪ್ಪು ಅಂಕಿಯನ್ನು ಗುರುತಿಸುತ್ತದೆ. ನಾಲ್ಕೂ ಹೊಂದಿದರೆ ರಿಲೇಗೆ ಸೂಚನೆ ಹೋಗಿ ಚಿಲಕ ಸರಿಯುತ್ತದೆ.

ಈಗ ಹಾಬ್ಸ್‌ನ ಲೆಕ್ಕ ಹಾಕಿ ನೋಡಿ. ನಾಲ್ಕಂಕಿಯಲ್ಲಿ 0000ದಿಂದ 9999ರವರೆಗೆ 10,000 ಸಂಖ್ಯೆಗಳಿವೆ. ಒಂದಕ್ಕೆ 5 ಸೆಕೆಂಡಿನಂತೆ ಎಲ್ಲವನ್ನೂ ಒತ್ತಿ ನೋಡಲು ಸುಮಾರು 14 ಗಂಟೆ ಸಾಕು. ಮೂರು ಸಲ ತಪ್ಪಿದರೆ 5 ನಿಮಿಷ ಬೀಗ ಮಲಗಲಿ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದರೆ ಅದೇ 12 ದಿನವಾಗುತ್ತದೆ. ಚಬ್ ಅವರ ಹಳೆಯ ಉಪಾಯವೇ ಇದು! ಆದರೆ ತಪ್ಪಿನ ಎಣಿಕೆಯನ್ನು ಕರೆಂಟು ಹೋದರೂ ಅಳಿಯದ ಇಇಪ್ರಾಮ್ ನೆನಪಿನಲ್ಲಿ ಬರೆದಿಡಬೇಕು. ಇಲ್ಲವಾದರೆ ಕಳ್ಳ ಕರೆಂಟು ತೆಗೆದು ಹಾಕಿ ಮತ್ತೆ ಒಂದರಿಂದ ಎಣಿಸುತ್ತಾನೆ.

ಬಾಗಿಲ ಹೊರಗೆ ಕೀಪ್ಯಾಡು ಮಾತ್ರ ಇರಲಿ, ಹಲಗೆ ಮತ್ತು ರಿಲೇ ಒಳಗಿರಲಿ. ಕೋಣೆ ಬಿಟ್ಟು ಯಾರಾದರೂ ಹೋದರೆ ಅಂದೇ ಸಂಖ್ಯೆ ಬದಲಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನಿಂದ ಕೈಯಲ್ಲೇ ತೆರೆಯುವ ಚಿಲಕ ಬೇಕೇ ಬೇಕು. ಬೆಂಕಿ ಬಿದ್ದ ರಾತ್ರಿ ಕರೆಂಟೂ ಇರದು, ನಾಲ್ಕಂಕಿಯೂ ನೆನಪಾಗದು. ಕಳ್ಳನನ್ನು ತಡೆಯುವ ಬೀಗ ಮನೆಯವರನ್ನು ತಡೆಯಬಾರದು.

ಅಂದ ಹಾಗೆ, ನಿಮ್ಮ ಗುಪ್ತಸಂಖ್ಯೆ 1234 ಅಲ್ಲ ತಾನೇ?

ಮತ್ತೆ ಭೇಟಿಯಾಗೋಣ, ಅದೇ ತರಂಗಾಂತರದಲ್ಲಿ.