ಕರ್ತೃನಾಮ ಮತ್ತು ಅದತ್ತಾದಾನ

ಮಲ್ಲಿಕಾರ್ಜುನ ಮತ್ತು ಆತನ ಮಗ ಕೇಶಿರಾಜ, ಇಬ್ಬರೂ ಹದಿಮೂರನೆಯ ಶತಮಾನದ ಜೈನ ವಿದ್ವಾಂಸರು. ಇಬ್ಬರೂ ಪೂರ್ವಕವಿಗಳ ಪದ್ಯಗಳನ್ನು ಬಳಸಿಕೊಂಡವರು. ತಂದೆ ‘ಸೂಕ್ತಿಸುಧಾರ್ಣವ’ದಲ್ಲಿ (ಸು. 1245) ಹಳೆಯ ಕಾವ್ಯಗಳ ಪದ್ಯಗಳನ್ನು ವರ್ಣನೆಯ ವಿಷಯಕ್ಕೆ ತಕ್ಕಂತೆ ಜೋಡಿಸಿದನು, ಯಾವ ಪದ್ಯ ಯಾರದೆಂದು ಹೇಳಲಿಲ್ಲ. ಕಾಲಾಂತರದಲ್ಲಿ ಮೂಲಕಾವ್ಯಗಳಲ್ಲಿ ಹಲವು ನಷ್ಟವಾದುವು. ಅಲ್ಲಿಯ ಅನೇಕ ಪದ್ಯಗಳಿಗೆ ಇಂದಿಗೂ ಕರ್ತೃವಿಲ್ಲ. ಮಗನಾದರೋ ‘ಶಬ್ದಮಣಿದರ್ಪಣ’ದ (ಸು. 1260) ಆರಂಭದಲ್ಲಿಯೇ ತನ್ನ ವ್ಯಾಕರಣಕ್ಕೆ ಲಕ್ಷ್ಯ ಒದಗಿಸಿದ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ ಮೊದಲಾದವರನ್ನು ಹೆಸರಿಸಿದನು. ಗಜಗನ ಕಾವ್ಯ ಉಳಿದಿಲ್ಲ, ಹೆಸರು ಉಳಿದಿದೆ. ತಂದೆಗೆ ಕದಿಯುವ ಉದ್ದೇಶವಿರಲಿಲ್ಲವೆಂಬುದು ನಿಸ್ಸಂದೇಹ. ಆದರೆ ನಷ್ಟವು ಉದ್ದೇಶವನ್ನು ವಿಚಾರಿಸಿಕೊಂಡು ಬರುವುದಿಲ್ಲ.

ಈ ಪ್ರಶ್ನೆಯೇ ಕಂಪ್ಯೂಟರ್ ಯುಗದಲ್ಲಿ ಮತ್ತೆ ಎದ್ದಿದೆ. ಮುಕ್ತ ತಂತ್ರಾಂಶದ ಕರ್ತೃವು ತನ್ನ ಕೃತಿಯನ್ನು ನಕಲು ಮಾಡಲು, ತಿದ್ದಲು, ಬೇರೆ ಹೆಸರಿನಲ್ಲಿ ಹಂಚಲು ತಾನಾಗಿಯೇ ಅನುಮತಿ ನೀಡಿರುತ್ತಾನೆ. ಕೊಡದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಕೊಟ್ಟದ್ದನ್ನು ತೆಗೆದುಕೊಂಡರೆ ದೋಷವೆಲ್ಲಿಯದು? ಪರವಾನಗಿಯಲ್ಲಿ ಏನನ್ನು ಕೊಟ್ಟಿದೆಯೆಂಬುದನ್ನು ನೋಡಬೇಕು. ಜಿ.ಪಿ.ಎಲ್. ಪರವಾನಗಿಯ 1991ರ ಆವೃತ್ತಿಯು ಮೂಲದ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಬೇಕೆಂದೂ, ತಿದ್ದಿದವನು ತಾನು ತಿದ್ದಿರುವುದನ್ನು ದಿನಾಂಕಸಹಿತ ನಮೂದಿಸಬೇಕೆಂದೂ ವಿಧಿಸುತ್ತದೆ. ಅಕ್ಷರವಿನ್ಯಾಸಗಳಿಗಾಗಿ 2007ರಲ್ಲಿ ಈಗಿನ ರೂಪ ಪಡೆದ ಮುಕ್ತ ಫಾಂಟ್ ಪರವಾನಗಿ ಇನ್ನೂ ಸೂಕ್ಷ್ಮವಾದುದು: ಮೂಲಕರ್ತೃ ಹೆಸರನ್ನು ಕಾಯ್ದಿರಿಸಿದ್ದರೆ, ತಿದ್ದಿದ ಫಾಂಟಿಗೆ ಬೇರೆ ಹೆಸರಿಡಲೇಬೇಕು, ಆದರೆ ಹಳೆಯ ಹಕ್ಕುಸೂಚನೆಯನ್ನು ಅಳಿಸುವಂತಿಲ್ಲ. ಹೀಗೆ ಹೆಸರು ಬದಲಿಸುವುದು ಕೆಲವೊಮ್ಮೆ ಕರ್ತವ್ಯವೇ. ಕೊಡದೆ ಉಳಿಸಿಕೊಂಡದ್ದು ಕರ್ತೃತ್ವವನ್ನು ಮಾತ್ರ. ಅದನ್ನು ಮರೆಮಾಡಿ ಒಂದನ್ನು ಇನ್ನೊಂದೆಂದು ತೋರಿಸುವುದು, ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದಾದ ಪ್ರತಿರೂಪಕವ್ಯವಹಾರಕ್ಕೆ ತೀರ ಸಮೀಪದ್ದು. ಆಟದ ರೈಲುಗಳನ್ನು ನಡೆಸುವ ಮುಕ್ತ ತಂತ್ರಾಂಶವೊಂದರ ಕಡತಗಳನ್ನು ಕರ್ತೃಗಳ ಹೆಸರಿಲ್ಲದೆ ಬಳಸಿದ ಮೊಕದ್ದಮೆಯಲ್ಲಿ, ಇಂತಹ ನಿಬಂಧನೆಗಳಿಗೆ ಹಕ್ಕುಸ್ವಾಮ್ಯ ಕಾನೂನಿನ ಬಲವುಂಟೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2008ರಲ್ಲಿ ಹೇಳಿತು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಕೀಲಿಮಣೆಯದು. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರಗಳಲ್ಲಿಯೇ, ಧ್ವನಿಸಾಮ್ಯವನ್ನು ಅನುಸರಿಸಿ, ಇಡೀ ಕನ್ನಡ ವರ್ಣಮಾಲೆಯನ್ನು ಅಳವಡಿಸಿದವರು ಕೆ.ಪಿ. ರಾವ್. ‘ಕೆ’ ಕೀಲಿಗೆ ಕಕಾರ, ಶಿಫ್ಟ್ ಸಹಿತ ಖಕಾರ, ‘ಎಫ್’ ಕೀಲಿಗೆ ಅರ್ಧಾಕ್ಷರದ ಚಿಹ್ನೆ. ರಾಜ್ಯ ಸರ್ಕಾರವು ಅಲ್ಪ ಮಾರ್ಪಾಡಿನೊಡನೆ ಈ ವಿನ್ಯಾಸವನ್ನು ಅಧಿಕೃತಗೊಳಿಸಿತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ತಲುಪಿತು. ಚಿತ್ರದುರ್ಗದ ಜಿಲ್ಲಾ ಕಚೇರಿಯಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬೆರಳಚ್ಚಿನ ಅಂಗಡಿಗಳವರೆಗೆ ಅದನ್ನು ಕಲಿತವರು ಕಲಿತದ್ದು ‘ನುಡಿ ಕೀಲಿಮಣೆ’ ಎಂದೇ. ಲಿನಕ್ಸ್ ವ್ಯವಸ್ಥೆಯ ಪಟ್ಟಿಯಲ್ಲಿ ಪರಿಷತ್ತಿನ ಹೆಸರಿನ ಸಂಕ್ಷೇಪವಾದ ‘ಕಗಪ’ ಎಂದಿದೆ. ಇದರಲ್ಲಿ ಕಳವು ಇಲ್ಲ. ಬಲ್ಲವರು ಇಂದಿಗೂ ‘ರಾವ್ ವಿನ್ಯಾಸ’ ಎನ್ನುತ್ತಾರೆ. ಆದರೆ ಬಲ್ಲವರ ಬಾಯಲ್ಲಿ ಮಾತ್ರ ಉಳಿದ ಹೆಸರಿನ ಆಯುಷ್ಯವೆಷ್ಟೆಂಬುದಕ್ಕೆ ಸೂಕ್ತಿಸುಧಾರ್ಣವವೇ ಸಾಕ್ಷಿ. ಓಲೆಗರಿಯಲ್ಲಿ ಕವಿಯ ಹೆಸರಿಗೆ ಎಡೆಯಿಲ್ಲವೆನ್ನಬಹುದಿತ್ತು. ಕಂಪ್ಯೂಟರಿನಲ್ಲಿ ಒಂದು ಸಾಲಿಗೆ ಸ್ಥಳದ ಕೊರತೆಯಿಲ್ಲ.

ಇದೇ ರಾವ್ ಅವರು ತಾವು ರಚಿಸಿ ಉಚಿತವಾಗಿ ಹಂಚಿದ ಕನ್ನಡ ತಂತ್ರಾಂಶಕ್ಕೆ ಸ್ವಂತ ಹೆಸರನ್ನು ಇಡಲಿಲ್ಲ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಗಾಗಿ ಅದನ್ನು ‘ಸೇಡಿಯಾಪು’ ಎಂದು ಕರೆದರು.